ಬೆಳೆಯುವ ಹುಡುಗಿಗೆ ಬಂದೂಕು

"ಅವ್ವಾರ, ಅದನ್ನ ತಗೋಬ್ಯಾಡ್ರಿ," ಎಂದು ಹಿಂದಿನಿಂದ ಯಾರೋ ಹೆಂಗಸು ಅಂದಾಗ ಬೆಚ್ಚಿಬಿದ್ದೆ. ನಾಸಿಕದ ಬಂದೂಕಿನ ಅಂಗಡಿಯಲ್ಲಿ ಕನ್ನಡ ಕೇಳೀತೆಂದು ನಾನು ಅಂದುಕೊಂಡಿರಲಿಲ್ಲ.

ಕ್ಲಬ್ಬಿನಲ್ಲಿ ಗುರಿ ಹೊಡೆಯಲು ಕಲಿಯುತ್ತಿದ್ದ ಮೊಮ್ಮಗಳು ಶಾಲ್ಮಲಿಗೆ ಮೊದಲ ಏರ್ ರೈಫಲ್ ಕೊಡಿಸಲು ಹೋಗಿದ್ದೆ. ಯೂನಿಫಾರ್ಮ್ ಕೊಳ್ಳುವ ಹಾಗೆಯೇ ದೊಡ್ಡ ಅಳತೆಯದನ್ನು ಆರಿಸಿ, "ಬೆಳಿಯೋ ಹುಡುಗಿ, ನಾಕ ವರ್ಷ ಬರ್ತದ," ಅವಳಿಗೆ ಅಂದಿದ್ದೆ. ಅದು ಆ ಹೆಂಗಸಿನ ಕಿವಿಗೆ ಬಿದ್ದಿತ್ತು.

ಅವರು ಹುಬ್ಬಳ್ಳಿ ಕಡೆಯವರು, ಹುಡುಗಿಯರಿಗೆ ಗುರಿ ಕಲಿಸುವವರಂತೆ. "ಇದೇನ ಸಾಲಿ ಫ್ರಾಕ್ ಏನ್ರಿ, ಮಡಚಿ ಹೊಲಿಯಾಕ?" ಎಂದು ನಕ್ಕು, ಬಂದೂಕನ್ನು ಶಾಲ್ಮಲಿಯ ಭುಜಕ್ಕೆ ಇಡಿಸಿದರು. ಭಾರಕ್ಕೆ ಅವಳ ತೋಳು ಇಳಿದು, ನಳಿಗೆ ನೆಲದತ್ತ ಬಾಗಿತು.

"ಭಾರ ಅಂತ ಯಾಕ ಹೇಳಲಿಲ್ಲ ಪುಟ್ಟಿ?" ಎಂದೆ.

"ಹೇಳಿದ್ರ ನೀ ಖರೇದಿನೇ ಕ್ಯಾನ್ಸಲ್ ಮಾಡ್ತಿದ್ದಿ, ಆಜಿ!"

ಆ ಹುಬ್ಬಳ್ಳಿಯ ತಾಯಿ ಚಿಕ್ಕದೊಂದನ್ನು ತೆಗೆಸಿ ಕೊಟ್ಟರು. ಅದು ಮೊಮ್ಮಗಳ ಭುಜದಲ್ಲಿ ಅಲುಗದೆ ಕೂತಿತು. "ದೊಡ್ಡದ ಒಯ್ದಿದ್ರ ತಿಂಗಳದಾಗ ಒಲ್ಲೆ ಅಂತಿದ್ಲ ನೋಡ್ರಿ," ಅಂದರು.

ಸಂಕೋಚದಿಂದ ಅವರ ಹೆಸರನ್ನೂ ಕೇಳದೆ ಬಂದೆ. ಶಾಲ್ಮಲಿ ಈಗ ಔರಂಗಾಬಾದಿನ ಸ್ಪರ್ಧೆಗಳಿಗೂ ಹೋಗುತ್ತಾಳೆ. ಆ ಚಿಕ್ಕ ಬಂದೂಕು ಅವಳ ತಂಗಿಯ ಕೈಗೆ ಬಂದಿದೆ. ಹಿತ್ತಲಲ್ಲಿ ಅದು ಠಪ್ ಎಂದಾಗಲೆಲ್ಲ, ಆ ತಾಯಿ ಎಲ್ಲಿದ್ದರೂ ಅವರ ಹೊಟ್ಟೆ ತಣ್ಣಗಿರಲಿ ಅನ್ನುತ್ತೇನೆ.