ಕರಡಿಯನ್ನು ತಳ್ಳಿದ ಹಸು

2023ರಲ್ಲಿ ನಾನು ಸಿಂಗಪುರದ ಹೌಗಾಂಗ್‌ನ ಒಂದು ಮಕ್ಕಳ ಕ್ಲಿನಿಕ್‌ನಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮಾತು ತೊಡಕಾದ ಮಕ್ಕಳನ್ನು ಆಡಿಸುತ್ತಾ ಮಾತಿಗೆ ಎಳೆಯುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಮೈಸೂರಿನ ರಘು, ಅವನ ಕ್ರೊಯೇಷಿಯಾದ ಹೆಂಡತಿ ಇವಾನಾ, ನಾಲ್ಕು ತುಂಬುತ್ತಿದ್ದ ಮಗಳು ಮೀರಾ ಬಂದರು.

“ಇವಳು ಪದಗಳನ್ನ ಹಿಂದೆಮುಂದೆ ಮಾಡ್ತಾಳಂತೆ ಮೇಡಂ. ಮನೇಲಿ ಕ್ರೊಯೇಷಿಯನ್ ಸ್ಟಾಪ್ ಮಾಡಿ, ಇಂಗ್ಲಿಷ್ ಒಂದೇ ಸಾಕು ಅಂತ ಪ್ರೀಸ್ಕೂಲ್‌ನೋರ ಅಡ್ವೈಸ್,” ಎಂದ ರಘು.

ಇವಾನಾ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: “ಇನ್ನು ನನ್ನ ಮಗಳ ಹತ್ತಿರ ನನ್ನ ಭಾಷೆ ಆಡಲೇಬಾರದಾ?”

ಆಟಿಕೆ ಹರಡಿದೆ. ಮೀರಾ ತುಟಿ ಬಿಚ್ಚಲಿಲ್ಲ. ಅಪ್ಪ ಅಮ್ಮ ಇಬ್ಬರೂ ಇಂಗ್ಲಿಷಿನಲ್ಲೇ ಪುಸಲಾಯಿಸುತ್ತಿದ್ದರು.

“ಮನೆಯಲ್ಲೂ ಹೀಗೇನಾ?” ಎಂದೆ.

“ಇಲ್ಲ. ನಿಮಗೆ ಗೊತ್ತಿಲ್ಲದ ಭಾಷೆ ನಿಮ್ಮೆದುರು ಆಡೋದು ಮರ್ಯಾದೆ ಅಲ್ಲ,” ಎಂದಳು ಇವಾನಾ.

“ನಮ್ಮಮ್ಮ ಬಂದಾಗ, ತನಗೆ ತಿಳೀದ ಭಾಷೆ ಆಡಿದ್ರೆ ಬೇಜಾರು ಮಾಡ್ಕೋತಿದ್ರು. ಆಗ ಆದ ಟ್ರೈನಿಂಗ್ ಮೇಡಂ ಇದು,” ಎಂದು ರಘು ನಕ್ಕ.

“ನಾನು ಇಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ,” ಎಂದು ರೆಕಾರ್ಡರ್ ಒತ್ತಿ, ಸಿಂಕಿನ ಕಡೆ ತಿರುಗಿ ಆಟಿಕೆ ತೊಳೆಯುತ್ತಾ ನಿಂತೆ. ಬೆನ್ನ ಹಿಂದೆ ಮೊದಲು ಪಿಸುಮಾತು; ಆಮೇಲೆ ಮೀರಾಳ ಮಾತು ಕಟ್ಟೆಯೊಡೆದಂತೆ ಹರಿಯಿತು.

ರೆಕಾರ್ಡಿಂಗ್ ಹಾಕಿ ಇವಾನಾಳಿಂದ ಪದಪದಕ್ಕೂ ಅರ್ಥ ಕೇಳಿಕೊಂಡೆ. ಕ್ರೊಯೇಷಿಯನ್‌ನಲ್ಲಿ ಯಾರು ಯಾರಿಗೆ ಏನು ಮಾಡಿದರೆಂದು ಹೇಳುವುದು ಹೆಚ್ಚಾಗಿ ಪದದ ಬಾಲ, ಅಂದರೆ ಕೊನೆಗೆ ಹತ್ತುವ ಪ್ರತ್ಯಯ. ಪದಗಳ ಜಾಗ ಬದಲಾಗಬಹುದು. ಪುಟಾಣಿಗಳು ಮೊದಮೊದಲು, ಕೆಲಸ ಮಾಡಿದವರನ್ನೇ ಮುಂದಿಡುವ, ದಿನವೂ ಕಿವಿಗೆ ಬೀಳುವ ಕ್ರಮಕ್ಕೆ ಜೋತುಬೀಳುತ್ತವೆ. ಬರಬರುತ್ತಾ ಬಾಲವನ್ನು ನಂಬಿ ಪದಗಳನ್ನು ಆಚೀಚೆ ಆಡಿಸುತ್ತವೆ. ಮೀರಾ ಆ ಎರಡನೆಯ ಮೆಟ್ಟಿಲೇರಿದ್ದಳು.

ಖಚಿತವಾಗಬೇಕಿತ್ತು. ‘ಕರಡಿಯನ್ನು ತಳ್ಳುತ್ತೆ ಹಸು’ ಎಂಬುದನ್ನು, ಕರಡಿಯನ್ನೇ ಮುಂದಿಟ್ಟು, ಇವಾನಾ ತನ್ನ ಭಾಷೆಯಲ್ಲಿ ಹೇಳಿದಳು. ಬರೀ ಕ್ರಮ ನೋಡುವ ಮಗು ಕರಡಿಯ ಕೈಯಲ್ಲೇ ತಳ್ಳಿಸುತ್ತಿತ್ತು. ಮೀರಾ ಹಸುವನ್ನೆತ್ತಿ ಕರಡಿಗೆ ಒಂದು ಗುದ್ದು ಕೊಟ್ಟಳು. ಬೇರೆ ಗೊಂಬೆಗಳಲ್ಲೂ ತಪ್ಪಲಿಲ್ಲ.

“ಅಯ್ಯೋ, ನಮ್ಮ ಕನ್ನಡದ ಥರಾನೇ ಆಯ್ತಲ್ಲ! ಹಸು ಕರಡೀನ ತಳ್ತು, ಕರಡೀನ ಹಸು ತಳ್ತು, ಎರಡೂ ಓಕೆ!” ಎಂದ ರಘು.

“ಇಷ್ಟು ತಿಳಿದೋನು ಮಗಳ ಹತ್ರ ಕನ್ನಡ ಯಾಕಪ್ಪ ಆಡಲ್ಲ?” ಎಂದು ಕಾಲೆಳೆದೆ. ಪೆಚ್ಚಾದ.

ಪದಗಳನ್ನು ಆಚೀಚೆ ಆಡಿಸುವ ಈ ಸಲಿಗೆಯನ್ನೇ ಮೀರಾ ಇಂಗ್ಲಿಷಿಗೂ ತಂದಿದ್ದಳು. ಕೇಳುತ್ತಾ ಕೇಳುತ್ತಾ ಸರಿಹೋಗುವಂಥದ್ದು. ದೋಷವಿಲ್ಲ, ತಾಯಿಯ ಭಾಷೆ ನಿಲ್ಲಿಸಬೇಡಿ ಎಂದು ಶಾಲೆಗೆ ವರದಿ ಬರೆದೆ. “ಆಡಿ, ಎಷ್ಟು ಬೇಕೋ ಅಷ್ಟು ಆಡಿ,” ಎಂದೆ ಇವಾನಾಳಿಗೆ. ಅವರನ್ನು ಕಳಿಸಲು ಲಿಫ್ಟಿನವರೆಗೆ ಹೋದೆ. ಲಿಫ್ಟ್ ಬಂತು, ಹೋಯಿತು. ತಾಯಿ ಮಗಳ ಹರಟೆ ಮುಗಿಯಲಿಲ್ಲ. ನಾನು ಪಕ್ಕದಲ್ಲಿದ್ದೇನೆಂಬುದನ್ನೂ ಅವರು ಮರೆತಿದ್ದರು.

ಮಗುವಿನ ಮಾತನ್ನು ಅಳೆಯುವ ಮುನ್ನ ಮನೆಯವರನ್ನು ಮನೆಯ ಮಾತಿನಲ್ಲೇ ಇರಗೊಡಬೇಕು. ನಮಗೆ ಅರ್ಥವಾಗದಿದ್ದರೆ, ಕೂತು ಕೇಳಿಸಿಕೊಂಡರಾಯಿತು. ಈ ಕೆಲಸ ನನಗೆ ಕಲಿಸಿದ್ದು ಅದು.