ಹತ್ತರಲ್ಲಿ ಏಳು

ನಾನು ಇಂಟರ್‌ಮೀಡಿಯೆಟ್ ಓದುತ್ತಿದ್ದ ವರ್ಷ ಅಕ್ಕನ ಹೊಟ್ಟೆಯಲ್ಲಿ ಗೆಡ್ಡೆ ಬೆಳೆಯಿತು. ಡಾಕ್ಟರು ಅಪ್ಪನನ್ನೂ ನನ್ನನ್ನೂ ಕೂರಿಸಿಕೊಂಡು ನೇರವಾಗಿ ಹೇಳಿದರು: "ಆಪರೇಷನ್ ಮಾಡಿದರೆ ಇಂಥ ಹತ್ತು ಜನರಲ್ಲಿ ಏಳು ಜನ ಉಳೀತಾರೆ. ಮಾಡದಿದ್ದರೆ ವರ್ಷ ದಾಟೋದು ಕಷ್ಟ."

ನನಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. ಒಂಟಿಕೊಪ್ಪಲಿನ ಮನೆಗೆ ಬಂದು ಹೇಳಿದರೆ ಅವ್ವ ಒಪ್ಪಲಿಲ್ಲ.

"ಉಳಿಯೋ ಏಳರ ಮಾತು ಬುಡು. ಸಾಯೋ ಮೂರರಲ್ಲಿ ನನ್ ಮಗಳಿದ್ರೆ?"

ಕೊನೆಗೆ ನಮ್ಮ ಹಳ್ಳಿಯ ಪದ್ಧತಿಯಂತೆ ದೇವರನ್ನೇ ಕೇಳುವುದೆಂದಾಯಿತು. ಒಂದು ಪೊಟ್ಟಣದಲ್ಲಿ ಬಿಳಿ ಕಣಗಿಲೆ, ಇನ್ನೊಂದರಲ್ಲಿ ಕೆಂಪು. ಎರಡನ್ನೂ ಪಟದ ಮುಂದಿಟ್ಟು ಒಂದನ್ನು ಎತ್ತಬೇಕು. ಬಿಳಿ ಬಂದರೆ ಆಪರೇಷನ್, ಕೆಂಪಾದರೆ ಬೇಡ. ಅಚ್ಚುಕಟ್ಟಿನವನೆಂದು ಕಟ್ಟುವ ಕೆಲಸ ನನಗೆ ಬಂತು.

ಎರಡರಲ್ಲೂ ಬಿಳಿ ಹೂವನ್ನೇ ಇಟ್ಟೆ.

ಎತ್ತಬೇಕಾದವಳು ಅಕ್ಕನೇ. ಗೋಡೆ ಹಿಡಿದುಕೊಂಡು ಬಂದಳು.

"ಏನೋ, ಗುರುತು ಗಿರುತು ಮಾಡಿಟ್ಟಿದ್ದೀಯಾ?"

"ಇಲ್ಲ ಕಣಕ್ಕ."

"ನೀನೆಲ್ಲಿ ಮಾಡೀಯ ಬುಡು. ಪರೀಕ್ಷೇಲಿ ಕಾಪಿ ಹೊಡೆಯಕ್ಕೂ ಬರದೋನು."

ಎಡಗಡೆಯದನ್ನು ಎತ್ತಿ ಬಿಚ್ಚಿದಳು. ಅವ್ವ ಕೈಮುಗಿದು ಅತ್ತಳು. ಹಲವು ವಾರಗಳ ಮೇಲೆ ಆ ರಾತ್ರಿ ನಿದ್ದೆಯನ್ನೂ ಮಾಡಿದಳು. ನಾನು ಮಾಡಿದ್ದು ಒಳ್ಳೆಯದೇ ಆಯಿತು ಅಂದುಕೊಂಡೆ.

ಅಕ್ಕ ಆಪರೇಷನ್ ಟೇಬಲ್ಲಿನ ಮೇಲೆಯೇ ತೀರಿಕೊಂಡಳು.

ಆ ಲೆಕ್ಕವನ್ನು ಅಂದಿನಿಂದ ಎಷ್ಟೋ ಸಲ ಮಾಡಿ ನೋಡಿದ್ದೇನೆ. ಉತ್ತರ ಬದಲಾಗುವುದಿಲ್ಲ: ಆಪರೇಷನ್ ಮಾಡಿಸಬೇಕಾಗಿತ್ತು. ಫಲ ಕೆಟ್ಟಿತೆಂದು ನಿರ್ಧಾರ ತಪ್ಪಾಗದು. ಆದರೆ ಹತ್ತರಲ್ಲಿ ಏಳು ಎನ್ನುವುದು ಹತ್ತು ಜನರಿಗೆ ಸೇರಿದ ಮಾತು. ನಮ್ಮ ಮನೆಯಲ್ಲಿದ್ದವಳು ಒಬ್ಬಳು. ಅವಳಲ್ಲಿ ಏಳು ಪಾಲು ಉಳಿದು ಮೂರು ಪಾಲು ಹೋಗುವುದು ಸಾಧ್ಯವಿರಲಿಲ್ಲ. ಡಾಕ್ಟರನ್ನು ಕೇಳಿದೆವು, ದೇವರನ್ನು ಕೇಳಿದಂತೆ ಮಾಡಿದೆವು. ನಿನಗೇನು ಬೇಕೆಂದು ಅಕ್ಕನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಅವ್ವ ನನ್ನ ಪಕ್ಕ ಬಂದು ಕೂತಳು.

"ನಾನು ಬ್ಯಾಡ ಅಂದಿದ್ದೆ. ದೇವ್ರು ಹೇಳ್ತು ಅಂತ ಕಳಿಸ್ಬುಟ್ಟೆ. ದೇವ್ರೇ ತಾನೇ ಹೇಳಿದ್ದು?"

ನನ್ನ ಮುಖವನ್ನೇ ನೋಡುತ್ತಿದ್ದಳು. ನಿಜ ಹೇಳಿದರೆ ಅವಳಿಗೆ ಮಗನೂ ಇಲ್ಲದಂತಾಗುತ್ತಿತ್ತು. ಇದನ್ನೂ ಅಳೆದು ತೂಗಿಯೇ ಹೇಳಿದೆ.

"ಹೂಂ ಕಣವ್ವ, ದೇವ್ರೇ."

ಅವ್ವ ಎದ್ದು ಹೋಗಿ ದೇವರ ಪಟವನ್ನು ಮೊಳೆಯಿಂದ ಇಳಿಸಿದಳು. ಅದನ್ನು ಮತ್ತೆ ತೂಗುಹಾಕಲು ಸಾಯುವವರೆಗೂ ಯಾರಿಗೂ ಬಿಡಲಿಲ್ಲ.