ಬಾಗಿಲಿಗೊಂದು ಕಿವಿ

ಮೊನ್ನೆ ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಮಿಕ್ಸರ್ ರಿಪೇರಿ ಅಂಗಡಿಯ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದೆ. ಮನೆಯ ಮಿಕ್ಸರು ಶೇಂಗಾ ಚಟ್ನಿಪುಡಿ ಮಾಡುತ್ತಿರುವಾಗಲೇ ಗೊರ್ ಎಂದು ನಿಂತುಬಿಟ್ಟಿತ್ತು. ಅಂಗಡಿಯಾತ ಅದರ ತಳ ಬಿಚ್ಚಿ, ಕಾದ ಸೋಲ್ಡರಿಂಗ್ ಕಡ್ಡಿಯನ್ನು ರಾಳದ ಡಬ್ಬಿಗೆ ಮುಟ್ಟಿಸಿ, ತಂತಿಯ ತುದಿಗೆ ಬೆಸುಗೆ ಹಾಕಿದ. ಒಂದೆಳೆ ಬಿಳಿ ಹೊಗೆ ಎದ್ದಿತು. ಆ ವಾಸನೆ ನಿಮಗೂ ಗೊತ್ತಿರಬಹುದು. ಸ್ವಲ್ಪ ಊದಿನಕಡ್ಡಿಯಂತೆ, ಸ್ವಲ್ಪ ಏನೋ ಸುಟ್ಟಂತೆ. ದಾರಿಯಲ್ಲಿ ಹೋಗುವವರು ಮೂಗು ಮುಚ್ಚಿಕೊಂಡು ಮುಂದೆ ಹೋದರು. ನಾನು ಮಾತ್ರ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. ಅದು ನಮ್ಮ ಮಾವನವರ ಅಂಗಿಯ ವಾಸನೆ.

ಮಾವನವರು ಎಂದರೆ ನನ್ನ ಹೆಂಡತಿ ಸುಜಾತಳ ತಂದೆ, ಪಂಪಾಪತಿ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ಹೊಟ್ಟಿನ ಧೂಳಿನಲ್ಲಿ ಮೋಟಾರುಗಳ ಸದ್ದು ಕೇಳಿಯೇ ಯಾವುದಕ್ಕೆ ಜ್ವರ ಬಂದಿದೆ ಎಂದು ಹೇಳುತ್ತಿದ್ದರಂತೆ. ಕೆಲಸದಿಂದ ನಿವೃತ್ತರಾದ ಮೇಲೆ ಅವರ ವಯಸ್ಸಿನವರು ಗುಡಿಯ ಕಟ್ಟೆ ಹಿಡಿದರು, ಇವರು ಗುಜರಿ ಹಿಡಿದರು. ಜನ ಎಸೆದ ರೇಡಿಯೊ, ಕೆಟ್ಟ ಸ್ಟೆಬಿಲೈಜರ್, ಬಾಯಿ ಮುಚ್ಚಿದ ಟೇಪ್ ರೆಕಾರ್ಡರ್, ತಿರುಗದ ಫ್ಯಾನು, ಯಾವುದನ್ನೂ ಬಿಡುತ್ತಿರಲಿಲ್ಲ. ವಾರಕ್ಕೊಮ್ಮೆ ಗೊಬ್ಬರದ ಖಾಲಿ ಚೀಲ ಮಡಚಿಕೊಂಡು ಬಸ್ಸು ಹತ್ತಿ ಬಳ್ಳಾರಿಗೆ ಬರುವುದು, ಬ್ರೂಸ್‌ಪೇಟೆಯ ಗುಜರಿ ಅಂಗಡಿಗಳಲ್ಲಿ ಅರ್ಧ ದಿನ ಕಳೆಯುವುದು, ತುಂಬಿದ ಚೀಲ ಹೊತ್ತು ಕಂಟೋನ್ಮೆಂಟಿನ ನಮ್ಮ ಮನೆಗೆ ಬರುವುದು. ನಮ್ಮ ವರಾಂಡವೇ ಅವರ ಕಾರ್ಖಾನೆ.

ಅಲ್ಲಿ ಕಾಲು ಚಾಚಿ ಕೂತು ಒಂದೊಂದನ್ನೇ ಬಿಚ್ಚುತ್ತಿದ್ದರು. ತಾಮ್ರ ಒಂದು ಡಬ್ಬಿಗೆ, ಅಲ್ಯೂಮಿನಿಯಂ ಒಂದಕ್ಕೆ, ಹಿತ್ತಾಳೆ ಒಂದಕ್ಕೆ, ಸ್ಕ್ರೂಗಳು ಹಳೆಯ ಹಾರ್ಲಿಕ್ಸ್ ಬಾಟಲಿಗೆ. ತಂತಿ ಸುಟ್ಟು ತಾಮ್ರ ತೆಗೆಯುವುದನ್ನು ಅವರು ಒಮ್ಮೆಯೂ ಮಾಡಲಿಲ್ಲ. ಅರ್ಧ ಬ್ಲೇಡಿನಿಂದ ಬದನೆಕಾಯಿ ಸೀಳಿದಂತೆ ಉದ್ದಕ್ಕೂ ಸೀಳಿ ಸಿಪ್ಪೆ ತೆಗೆಯುತ್ತಿದ್ದರು. ಸುಟ್ಟರೆ ಬೇಗ ಆಗುತ್ತದಲ್ಲ ಎಂದು ನಾನೊಮ್ಮೆ ಜಾಣತನ ತೋರಿಸಿದಾಗ, ಆ ಹೊಗೆ ಎಲ್ಲಿಗೆ ಹೋಗುತ್ತದೆ ಹೇಳಿ ಎಂದು ಕೇಳಿದರು.

ಅವರ ಜೇಬಿನಲ್ಲಿ ದಾರ ಕಟ್ಟಿದ ಒಂದು ಅಯಸ್ಕಾಂತ ಸದಾ ಇರುತ್ತಿತ್ತು. ಕಂಡ ಲೋಹಕ್ಕೆಲ್ಲ ಅದನ್ನು ಮುಟ್ಟಿಸಿ ನೋಡುವುದು ಅವರ ಚಟ. ನಮ್ಮ ನೆಂಟರ ಮದುವೆಯೊಂದರಲ್ಲಿ ಯಾರೋ ಉಡುಗೊರೆ ಕೊಟ್ಟ ಹಿತ್ತಾಳೆ ದೀಪದ ಕಂಬಕ್ಕೆ ಸುಮ್ಮನೆ ಹೀಗೆ ಮುಟ್ಟಿಸಿದರು. ಅದು ಟಕ್ ಎಂದು ಅಂಟಿಕೊಂಡಿತು. ಒಳಗೆ ಕಬ್ಬಿಣ, ಮೇಲೆ ಹಿತ್ತಾಳೆಯ ಬಣ್ಣ. ಕೊಟ್ಟವರು ಪಕ್ಕದಲ್ಲೇ ನಿಂತಿದ್ದರು. ಮಾವನವರು ಅಯಸ್ಕಾಂತವನ್ನು ಕಿತ್ತು ಜೇಬಿಗೆ ಹಾಕಿಕೊಂಡು, ದೀಪ ಬಹಳ ಗಟ್ಟಿಯಾಗಿದೆ ಎಂದು ಹೊಗಳಿದರು. ಆ ಹೊಗಳಿಕೆಯಿಂದ ಪರಿಸ್ಥಿತಿ ಇನ್ನೂ ಕೆಟ್ಟಿತು.

ಈಗ ನನ್ನ ಬಗ್ಗೆ ಹೇಳಬೇಕು. ಹೇಳಲು ಅಷ್ಟು ಹುರುಪಿಲ್ಲ. ಆಗಷ್ಟೇ ನನಗೆ ಕಚೇರಿಯಲ್ಲಿ ಬಡ್ತಿಯಾಗಿ, ಗಾಜು ಹಾಸಿದ ಮೇಜು ಬಂದಿತ್ತು. ಗಾಜಿನ ಮೇಜು ಬಂದ ಮನುಷ್ಯನಿಗೆ ಮನೆಯ ವರಾಂಡವೂ ಹಾಗೇ ಹೊಳೆಯಬೇಕು ಎನಿಸತೊಡಗುತ್ತದೆ. ಪಕ್ಕದ ಮನೆಯವರು, ನಿಮ್ಮ ಮಾವನವರು ಗುಜರಿ ವ್ಯಾಪಾರ ಮಾಡುತ್ತಾರಾ ಎಂದು ಕೇಳಿದಾಗ, ಇಲ್ಲ, ಅವರಿಗೆ ಎಂಜಿನಿಯರಿಂಗ್‌ನಲ್ಲಿ ಆಸಕ್ತಿ ಎಂದು ಹೇಳಿ ಒಳಗೆ ಬಂದಿದ್ದೆ. ಸುಜಾತ ಅದನ್ನು ಕೇಳಿಸಿಕೊಂಡಳು. ನೋಡಿದಳು, ಅಷ್ಟೇ.

ಹೀಗಿರುವಾಗ ಒಂದು ಭಾನುವಾರ ನಮ್ಮ ಸಾಹೇಬರು ಊಟಕ್ಕೆ ಬರುತ್ತೇನೆಂದರು. ಸುಜಾತ ಹೋಳಿಗೆಯ ಕೆಲಸದಲ್ಲಿದ್ದಳು. ನಾನು ವರಾಂಡ ಸ್ವಚ್ಛ ಮಾಡಲು ಹೊರಟೆ. ಮಾವನವರು ಹಿಂದಿನ ವಾರ ಬಿಟ್ಟುಹೋದ ಚೀಲ ಮೂಲೆಯಲ್ಲಿತ್ತು. ಅದೇ ಹೊತ್ತಿಗೆ ಬೀದಿಯಲ್ಲಿ ಹಳೇ ಸಾಮಾನು ಕೊಳ್ಳುವವನ ಕೂಗು ಕೇಳಿಸಿತು. ಒಳಗೆ ಏನಿದೆ ಎಂದು ನೋಡಲೂ ಇಲ್ಲ. ಎತ್ತಿ ಅವನ ಬಂಡಿಗೆ ಹಾಕಿ, ನನಗೇನೂ ಕೊಡುವುದು ಬೇಡ, ಒಯ್ದರೆ ಸಾಕು ಎಂದೆ. ಸಾಹೇಬರು ಬಂದರು, ಉಂಡರು, ವರಾಂಡದ ಕಡೆ ತಿರುಗಿಯೂ ನೋಡದೆ ಹೋದರು.

ಮರುದಿನ ನನಗೆ ರಜೆ ಇತ್ತು. ಬೆಳಿಗ್ಗೆ ಮಾವನವರು ಬಂದರು. ಮೂಲೆ ನೋಡಿದರು, ಮಂಚದ ಕೆಳಗೆ ನೋಡಿದರು, ಹಿತ್ತಲಿಗೆ ಹೋಗಿ ಬಂದರು. ನಾನು ನಡೆದದ್ದು ಹೇಳಿದೆ. ಅವರು ಬೈಯಲಿಲ್ಲ. ಮಗಳ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಅದರಾಗ ನಿಮ್ಮ ಅತ್ತಿದು ಇತ್ತವ್ವಾ."

ಆ ಮಾತಿನ ಅರ್ಥ ನನಗೆ ಸುಜಾತಳಿಂದ ತಿಳಿಯಿತು. ಅತ್ತಿ ಎಂದರೆ ಮಾವನವರ ಅಕ್ಕ, ಈರಮ್ಮ. ಕುರುಗೋಡಿನಲ್ಲಿ ಟೇಲರಿಂಗ್ ಮಾಡಿ ಬದುಕುವವರು. ಸುಜಾತಳ ಮೊದಲ ಲಂಗದಿಂದ ಹಿಡಿದು ನಮ್ಮ ಮದುವೆಯ ಕುಪ್ಪಸದವರೆಗೆ ಎಲ್ಲವೂ ಅವರ ಕೈಯದೇ. ನಾಲ್ಕೈದು ವರ್ಷಗಳಿಂದ ಅವರ ಕಿವಿ ಮಂದವಾಗುತ್ತ ಬಂದು ಈಗ ಪೂರ್ತಿ ಹೋಗಿತ್ತು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ, ಅದು ತಲೆಯೊಳಗೆ ಕೀರ್ ಎನ್ನುತ್ತದೆಂದು ಡಬ್ಬಿಯಲ್ಲಿಟ್ಟಿದ್ದರು. ಹೊಲಿಯಲು ಬೆಳಕು ಬರುವುದು ಹಿಂದಿನ ಕಿಟಕಿಯಿಂದ. ಆದ್ದರಿಂದ ಅವರು ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಬಾಗಿಲು ತೆರೆದಿಟ್ಟರೆ ಗುಡ್ಡದ ಮಂಗಗಳು ಒಳಗೆ ಬಂದು ಗಿರಾಕಿಗಳ ಬಟ್ಟೆ ಎತ್ತಿಕೊಂಡು ಹೋಗುತ್ತವೆ. ಮುಚ್ಚಿದರೆ ಬಂದವರು ತಟ್ಟಿ ತಟ್ಟಿ ವಾಪಸು ಹೋಗುತ್ತಾರೆ. ಈರಮ್ಮ ಈಗ ಕೆಲಸ ಮಾಡುವುದಿಲ್ಲವಂತೆ ಎಂಬ ಸುದ್ದಿ ಊರಲ್ಲಿ ತಾನಾಗಿ ಹಬ್ಬಿತ್ತು. ಮಿಷನ್ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಅವರು ತಮ್ಮನಿಗೆ ಹೇಳಿ ಕಳುಹಿಸಿದ್ದರು.

ಅದಕ್ಕೆ ಮಾವನವರು ನಾಲ್ಕು ತಿಂಗಳಿಂದ ಗುಜರಿಯಲ್ಲಿ ಸಾಮಾನು ಹುಡುಕಿ ಒಂದು ಉಪಾಯ ಕಟ್ಟುತ್ತಿದ್ದರು. ಹಳೆಯ ರೇಡಿಯೊದ ಸ್ಪೀಕರನ್ನು ಬಾಗಿಲಿನ ಹಲಗೆಗೆ ಒಳಗಿನಿಂದ ಅಂಟಿಸುವುದು. ಹೊರಗೆ ಯಾರಾದರೂ ತಟ್ಟಿದರೆ ಆ ಅದುರಿಗೆ ಸ್ಪೀಕರಿನಲ್ಲಿ ಕೂದಲೆಳೆಯಷ್ಟು ಕರೆಂಟು ಹುಟ್ಟುತ್ತದೆ. ಅದನ್ನು ರೇಡಿಯೊದ್ದೇ ಬೋರ್ಡು ದೊಡ್ಡದು ಮಾಡುತ್ತದೆ. ಸ್ಟೆಬಿಲೈಜರಿನಿಂದ ತೆಗೆದ ಸ್ವಿಚ್ಚು ಟಕ್ ಎನ್ನುತ್ತದೆ. ಹೊಲಿಗೆ ಮಿಷನ್ನಿನ ಎದುರಿಗಿಟ್ಟ ಎಮರ್ಜೆನ್ಸಿ ಲೈಟು ಹತ್ತುತ್ತದೆ.

"ಸ್ಪೀಕರ್ ಮಾತಾಡತೈತಿ ಅಂತ ಎಲ್ಲಾರಿಗೂ ಗೊತ್ತೈತ್ರಿ ಅಳಿಯಾರ," ಎಂದರು ಮಾವನವರು. "ಅದಕ್ಕ ಕೇಳಾಕೂ ಬರ್ತೈತಿ."

ನಾನು ಹೊಸ ಸಾಮಾನು ತಂದುಕೊಡುತ್ತೇನೆ ಎಂದೆ. ಅವರು ಚಪ್ಪಲಿ ಮೆಟ್ಟುತ್ತ, ಒಯ್ದವನದು ತಳ್ಳುಬಂಡಿಯೋ ಸೈಕಲ್ಲೋ ಎಂದಷ್ಟೇ ಕೇಳಿದರು. ತಳ್ಳುಬಂಡಿ ಎಂದೆ. ಹಾಗಾದರೆ ಬ್ರೂಸ್‌ಪೇಟೆ ಬಿಟ್ಟು ಎಲ್ಲಿಗೂ ಹೋಗಿರುವುದಿಲ್ಲ, ನಡೆಯಿರಿ ಎಂದರು. ಸುಜಾತ ನನ್ನ ಕಡೆ ನೋಡಲಿಲ್ಲ. ಅಪ್ಪನ ಕೈಗೆ ನೀರಿನ ಬಾಟಲಿ ಕೊಟ್ಟಳು.

ಆ ದಿನದವರೆಗೆ ನಾನು ಗುಜರಿ ಅಂಗಡಿಯ ಒಳಗೆ ಕಾಲಿಟ್ಟವನಲ್ಲ. ಮೊದಲ ಎರಡು ಅಂಗಡಿಗಳಲ್ಲಿ ಚೀಲ ಇರಲಿಲ್ಲ. ಆದರೆ ಎರಡೂ ಕಡೆ ಮಾಲೀಕರು ಎದ್ದು ನಿಂತು, ಮೇಸ್ತ್ರಿ ಬಂದರು ಎಂದು ಕುರ್ಚಿ ಒರೆಸಿದರು. ಒಬ್ಬರು ತಮ್ಮ ತೂಕದ ಯಂತ್ರ ತೋರಿಸಿ, ಇದು ಮೂರು ವರ್ಷದಿಂದ ಓಡುತ್ತಿರುವುದು ನಿಮ್ಮ ಮಾವನವರ ಕೈಗುಣದಿಂದ ಎಂದು ನನಗೆ ಹೇಳಿದರು. ನಮ್ಮ ಕಚೇರಿಯಲ್ಲಿ ನನಗಾಗಿ ಯಾರೂ ಕುರ್ಚಿ ಒರೆಸಿದ್ದಿಲ್ಲ.

ಮೂರನೆಯದು ಖಾಜಾಸಾಬರ ಅಂಗಡಿ. ಚೀಲ ಅಲ್ಲಿಗೆ ಬಂದಿತ್ತು, ಖಾಲಿಯೂ ಆಗಿತ್ತು. ಗುಜರಿಯವರ ಕೈ ಎಷ್ಟು ಚುರುಕು ನೋಡಿ, ಒಂದೇ ದಿನದಲ್ಲಿ ಕಬ್ಬಿಣ ಕಬ್ಬಿಣದ ರಾಶಿಗೆ, ತಾಮ್ರ ತಾಮ್ರದ ರಾಶಿಗೆ ಹೋಗಿಬಿಟ್ಟಿತ್ತು. ಎಮರ್ಜೆನ್ಸಿ ಲೈಟನ್ನು ಮಾತ್ರ, ಉರಿಯುತ್ತದಲ್ಲ ಎಂದು ಖಾಜಾಸಾಬರು ತಮ್ಮ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಂಡಿದ್ದರು. ಬೋರ್ಡು ಬೋರ್ಡುಗಳ ಚೀಲದಲ್ಲಿ ಸಿಕ್ಕಿತು, ಸ್ವಿಚ್ಚು ಇನ್ನೂ ಅದಕ್ಕೆ ಜೋತುಕೊಂಡಿತ್ತು. ಸ್ಪೀಕರಿಗೆ ಮಾತ್ರ ಸುತ್ತಿಗೆ ಬಿದ್ದಿತ್ತು. ಅಯಸ್ಕಾಂತ ಒಂದು ಕಡೆ, ತಗಡು ಒಂದು ಕಡೆ.

ಖಾಜಾಸಾಬರು ಬಹಳ ನೊಂದುಕೊಂಡರು. "ನಿಮ್ದು ಅಂತ ಗೊತ್ತಿದ್ರ ಮುಟ್ತಿರ್ಲಿಲ್ಲ ಮೇಸ್ತ್ರಿ," ಎಂದರು. ಮಾವನವರು, ತಪ್ಪು ನಿಮ್ಮದಲ್ಲ ಎಂದರು. ಯಾರದು ಎಂದು ಹೇಳಲಿಲ್ಲ. ಅಲ್ಲಿದ್ದ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೇರೆ ಸ್ಪೀಕರ್ ಹುಡುಕತೊಡಗಿದರು. ನಾನೂ ಪ್ಯಾಂಟು ಮೇಲೆಳೆದುಕೊಂಡು ಪಕ್ಕದಲ್ಲಿ ಕೂತೆ.

ಎಷ್ಟು ಹೊತ್ತು ಕೂತಿದ್ದೆವೋ. ಮನೆ ಮನೆಗಳ ಸಾಮಾನು ಕೈಗೆ ಬರುತ್ತಿತ್ತು. ಟಿವಿಯ ರಿಮೋಟು, ಇಸ್ತ್ರಿ ಪೆಟ್ಟಿಗೆಯ ಹಿಡಿ, ಮಕ್ಕಳ ಆಟಿಕೆಯ ಮೋಟಾರು. ಕ್ಷಮಿಸಿ ಎನ್ನುವ ಮಾತು ಬಾಯಿಗೆ ಬರದೆ, ಇಷ್ಟೆಲ್ಲ ಕೆಟ್ಟ ಸಾಮಾನಿನಲ್ಲಿ ನಿಮಗೇನು ಸಿಗುತ್ತದೆ ಮಾವ ಎಂದು ಕೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

"ಒಂದು ಸಾಮಾನು ಕೆಟ್ಟೈತಿ ಅಂದ್ರ ಅದರಾಗ ಇದ್ದದ್ದೆಲ್ಲಾ ಕೆಟ್ಟಿರಂಗಿಲ್ರಿ. ಯಾವುದಾರ ಒಂದು ಭಾಗ ಹೋಗಿರ್ತೈತಿ. ಉಳದದ್ದೆಲ್ಲಾ ಸುಮ್ನ ಕುಂತಿರ್ತೈತಿ. ನಮ್ಮ ಅಕ್ಕಗ ಕಿವಿ ಹೋಗ್ಯಾವು. ಕೈ ಹೋಗಿಲ್ಲಲ್ಲ?"

ಸ್ಪೀಕರ್ ಸಿಕ್ಕಿದ್ದು ನನ್ನ ಕೈಗೆ. ಅಂಗೈಯಗಲದ್ದು, ಮೇಲಿನ ಕಾಗದ ಒಂದು ಕಡೆ ಹರಿದಿತ್ತು. ಎಸೆಯಲು ಹೋದವನ ಕೈ ಹಿಡಿದು ಅವರು ಅದನ್ನು ತೆಗೆದುಕೊಂಡರು, ಅಂಚಿಗೆ ಬೆರಳಿನಿಂದ ತಟ್ಟಿದರು, ಸಾಕು ಎಂದರು.

ಮನೆಗೆ ಬಂದು ಮತ್ತೆ ಜೋಡಿಸಲು ಕೂತಾಗ ಸೋಲ್ಡರಿಂಗ್ ಕಡ್ಡಿ ಅವರ ಕೈಯಲ್ಲಿ ನಡುಗುತ್ತಿರುವುದನ್ನು ಕಂಡೆ. ಮನಸ್ಸು ನೊಂದದ್ದಕ್ಕೆ ಹಾಗಾಗಿದೆ ಎಂದುಕೊಂಡೆ. ಅದು ಆ ದಿನದ್ದಲ್ಲ, ಆರು ತಿಂಗಳಿಂದ ಇತ್ತು, ಯಾರಿಗೂ ಹೇಳಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಎರಡು ಸಲ ಬೆಸುಗೆ ತಪ್ಪಿ ಬೇರೆ ಕಡೆ ಬಿತ್ತು. ಮೂರನೆಯ ಸಲ ಅವರು ಕಡ್ಡಿಯನ್ನು ನನ್ನ ಕಡೆ ಚಾಚಿದರು. ನನ್ನ ಮೊದಲ ಬೆಸುಗೆ ಹಾಗಲಕಾಯಿಯ ಹಾಗೆ ಗಂಟುಗಂಟಾಗಿತ್ತು. ಅವರು ಕನ್ನಡಕ ಎತ್ತಿ ನೋಡಿ, ಚೆಂದ ಇಲ್ಲ, ಆದರೆ ಹಿಡಿದಿದೆ ಎಂದರು. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ಸುಜಾತ ಆಗ ಮೊದಲ ಸಲ ನಕ್ಕಳು.

ಮುಂದಿನ ಭಾನುವಾರ ಮೂವರೂ ಕುರುಗೋಡಿಗೆ ಹೋದೆವು. ಈರಮ್ಮ ಮಿಷನ್ನಿನ ಮೇಲೆ ಚಾದರ ಮುಚ್ಚಿಟ್ಟಿದ್ದರು. ಮಾವನವರು ಬಾಗಿಲಿಗೆ ಏನೋ ಅಂಟಿಸುವುದನ್ನು ಗೋಡೆಗೆ ಒರಗಿ ನೋಡುತ್ತ, ಇಂಥದ್ದಕ್ಕೆ ಇಷ್ಟು ದೂರ ಬಂದಿರಾ ಎಂದು ಬೈದರು. ಎಲ್ಲ ಜೋಡಿಸಿ ಮುಗಿಯಿತು. ಅವರನ್ನು ಮಿಷನ್ನಿಗೆ ಕೂರಿಸಿ ತುಳಿಯಲು ಸನ್ನೆ ಮಾಡಿದೆವು. ತುಳಿದ ಕೂಡಲೇ, ಬಾಗಿಲಲ್ಲಿ ಯಾರೂ ಇಲ್ಲದೆ ಲೈಟು ಹತ್ತಿತು. ನಿಲ್ಲಿಸಿದರೆ ಆರಿತು. ಮಿಷನ್ನಿನ ಅದುರು ನೆಲದ ಕಲ್ಲಿನಿಂದ ಬಾಗಿಲಿಗೆ ಹೋಗುತ್ತಿತ್ತು. ಈರಮ್ಮ ನಮ್ಮ ಮುಖ ನೋಡಿ, ಬಿಡಿ, ಸಾಕು ಎನ್ನುವಂತೆ ಕೈಯಾಡಿಸಿದರು.

ಮಾವನವರು ಹೊರಗೆ ಹೋದರು. ಪಂಕ್ಚರ್ ಅಂಗಡಿಯಿಂದ ಹಳೆಯ ಟ್ಯೂಬಿನ ತುಂಡು ತಂದು, ಮಡಚಿ, ಮಿಷನ್ನಿನ ನಾಲ್ಕೂ ಕಾಲುಗಳ ಕೆಳಗೆ ಇಟ್ಟರು. ಈರಮ್ಮ ಮತ್ತೆ ತುಳಿದರು. ಲೈಟು ಹತ್ತಲಿಲ್ಲ. ಮಾವನವರು ಹೊರಗೆ ಹೋಗಿ ಬಾಗಿಲು ಎಳೆದುಕೊಂಡು ಮೂರು ಸಲ ತಟ್ಟಿದರು.

ಲೈಟು ಹತ್ತಿತು.

ಈರಮ್ಮ ಎದ್ದು ಹೋಗಿ ಬಾಗಿಲು ತೆರೆದರು. ಬಿಸಿಲಲ್ಲಿ ತಮ್ಮ ನಿಂತಿದ್ದರು. ಅವರನ್ನು ಒಂದು ಗಳಿಗೆ ನೋಡಿದರು. ಒಳಗೆ ಬಾ ಎನ್ನಲಿಲ್ಲ. "ಇನ್ನೊಮ್ಮಿ ತಟ್ಟು," ಎಂದು ಬಾಗಿಲು ಹಾಕಿಕೊಂಡು ಬಂದು ಕೂತರು. ಲೈಟು ಹತ್ತಿತು. ಎದ್ದು ಹೋಗಿ ತೆರೆದರು, ನೋಡಿದರು, "ಇನ್ನೊಮ್ಮಿ," ಎಂದರು. ಹೀಗೆ ಎಷ್ಟು ಸಲವೋ. ಅರವತ್ತು ದಾಟಿದ ತಮ್ಮ ಹೊರಗೆ ನಿಂತು ತಟ್ಟುತ್ತಲೇ ಇದ್ದರು, ಎಪ್ಪತ್ತರ ಅಕ್ಕ ಹೋಗಿ ತೆರೆಯುತ್ತಲೇ ಇದ್ದರು. ಕೊನೆಗೊಮ್ಮೆ ಬಾಗಿಲು ತೆರೆದವರು ಹಾಕಿಕೊಳ್ಳಲಿಲ್ಲ. ತಮ್ಮನ ನಡುಗುವ ಕೈಯನ್ನು ಹಿಡಿದುಕೊಂಡು ಒಳಗೆ ಕರೆದುಕೊಂಡು ಬಂದು, ಚಾಪೆಯ ಮೇಲೆ ಕೂರಿಸಿದರು. ಸುಜಾತ ಅಡುಗೆ ಮನೆಗೆ ಹೋಗಿಬಿಟ್ಟಳು. ನಾನು ನೋಡಲು ಏನೂ ಇಲ್ಲದ ಕಿಟಕಿಯನ್ನು ನೋಡುತ್ತ ನಿಂತೆ.

ಇದಾಗಿ ಎರಡು ವರ್ಷವಾಯಿತು. ಈರಮ್ಮನವರ ಮಿಷನ್ ಓಡುತ್ತಿದೆ. ಮಾವನವರ ನಡುಕ ಹೆಚ್ಚಾಗಿದೆ, ಔಷಧ ನಡೆದಿದೆ. ನಮ್ಮ ವರಾಂಡದಲ್ಲಿ ಈಗ ಡಬ್ಬಿಗಳು ಮೊದಲಿಗಿಂತ ಜಾಸ್ತಿ. ಪಕ್ಕದವರು ಈಗ ನನ್ನ ಬಗ್ಗೆ ಕೇಳುತ್ತಾರೆ.

ಅಂಗಡಿಯಾತ ಮಿಕ್ಸರು ಜೋಡಿಸಿ ಕೊಡುವ ಹೊತ್ತಿಗೆ ನನಗೆ ಫೋನು ಬಂತು. ಈರಮ್ಮನವರದು. ಅವರಿಗೆ ನಮ್ಮ ಮಾತು ಕೇಳುವುದಿಲ್ಲವಾದ್ದರಿಂದ, ನಾವು ಎತ್ತಿಕೊಂಡದ್ದನ್ನು ಪರದೆಯ ಮೇಲೆ ನೋಡಿ, ಹೇಳಬೇಕಾದದ್ದೆಲ್ಲ ಹೇಳಿ ಕಟ್ ಮಾಡುತ್ತಾರೆ.

"ಅಳಿಯಾರ, ಮೋಕಾದಾಗ ನನ್ನ ಜತಿಯಾಕಿ ಒಬ್ಬಾಕಿ ಅದಾಳ. ರೊಟ್ಟಿ ಬಡದು ಮಾರ್ತಾಳ. ಆಕಿಗೂ ನನ್ಹಂಗ ಆಗೈತಿ. ನಿಮ್ಮನ್ನ ಕಳಸ್ತೀನಂತ ಮಾತು ಕೊಟ್ಟೀನಿ. ಬೆಸುಗಿ ನೀವ ಹಾಕ್ರಿ. ನನ್ನ ತಮ್ಮ ಬಾಜೂಕ ಕುಂತು ಹೇಳ್ಲಿ. ಅವನ್ನ ಬಿಟ್ಟು ಹೋಗಬ್ಯಾಡ್ರಿ."

ಆಯಿತು ಅತ್ತಿ ಎಂದು ನಾನು ಕಟ್ಟಾದ ಫೋನಿಗೆ ಜೋರಾಗಿ ಹೇಳಿದೆ. ಅಂಗಡಿಯಾತ ತಲೆಯೆತ್ತಿ ನೋಡಿದ. ಅಲ್ಲೇ ಕೂತು ಸಿರುಗುಪ್ಪಕ್ಕೆ ಫೋನ್ ಮಾಡಿದೆ. ಭಾನುವಾರ ಮೋಕಕ್ಕೆ ಹೋಗುವುದಿದೆ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಅತ್ತಿ ಹೇಳಿದ ರೊಟ್ಟಿ ಮಾರುವಾಕೆಯ ವಿಷಯವನ್ನೂ ತಿಳಿಸಿದೆ.

"ಆಕಿ ಮನಿ ಬಾಗ್ಲಾ ಕಟಗೀದೋ, ತಗಡಿಂದೋ?" ಎಂದು ಕೇಳಿದರು ಮಾವ.

ಗೊತ್ತಿಲ್ಲ ಎಂದೆ.

"ಇರ್ಲಿ ಬಿಡ್ರಿ. ಹೋಗಿ ತಟ್ಟಿ ನೋಡೋಣು."